ಎರಡು ಗಂಟೆಗೊಮ್ಮೆ ಮಗ್ಗುಲು: ಗಾಯಾಳು ಸೈನಿಕನ ಮನೆಯವರ ಚರಿತ್ರೆ

ಯುದ್ಧಗಳ ಚರಿತ್ರೆಯನ್ನು ನಾವು ಶಾಲೆಯಲ್ಲಿ ಓದಿದ್ದು ತಾರೀಖುಗಳ ಲೆಕ್ಕದಲ್ಲಿ. 1971ರ ಯುದ್ಧ ಡಿಸೆಂಬರ್ 16ಕ್ಕೆ ಮುಗಿಯಿತು, ಕಾರ್ಗಿಲ್ ಯುದ್ಧ 1999ರ ಜುಲೈ 26ಕ್ಕೆ ಮುಗಿಯಿತು ಎಂದು ಪುಸ್ತಕ ಹೇಳುತ್ತದೆ. ಆದರೆ ಆ ಯುದ್ಧಗಳಲ್ಲಿ ಬೆನ್ನುಹುರಿಗೆ ಗುಂಡು ತಗುಲಿದವನಿಗೆ, ಕಾಲು ಕಳೆದುಕೊಂಡವನಿಗೆ ಯುದ್ಧ ಅಂದು ಮುಗಿಯಲಿಲ್ಲ. ಅವನ ಮಂಚದ ಪಕ್ಕ ಸ್ಟೂಲಿನ ಮೇಲೆ ಕೂತ ತಾಯಿಗೆ, ಹೆಂಡತಿಗೆ, ತಮ್ಮನಿಗೆ ಅದು ಶುರುವಾದದ್ದೇ ಆಮೇಲೆ.

ಪುಣೆಯಲ್ಲಿರುವ ನಮಗೆ ಖಡ್ಕಿ ಎಂದರೆ ರೈಲ್ವೆ ಸ್ಟೇಷನ್, ಬಜಾರು, ಮದ್ದುಗುಂಡಿನ ಕಾರ್ಖಾನೆ. ಬ್ರಿಟಿಷರ ಬಾಯಲ್ಲಿ ಕಿರ್ಕಿ ಆಗಿದ್ದ ಈ ಊರು ಗಾಯಾಳು ಸೈನಿಕರ ಪುನರ್ವಸತಿಯ ಚರಿತ್ರೆಯಲ್ಲಿ ದೊಡ್ಡ ಹೆಸರು. ಆ ಚರಿತ್ರೆಯಲ್ಲಿ ವೈದ್ಯರ ಹೆಸರಿದೆ, ಸಂಸ್ಥೆ ಕಟ್ಟಿದವರ ಹೆಸರಿದೆ, ಪದಕ ಗೆದ್ದವರ ಹೆಸರಿದೆ. ಮನೆಯವರ ಹೆಸರು ಇಲ್ಲವೆನ್ನುವಷ್ಟು ಕಡಿಮೆ. ಕಳೆದ ನೂರು ವರ್ಷಗಳಲ್ಲಿ ಆಸ್ಪತ್ರೆಯ ಕೆಲಸ ಸ್ವಲ್ಪಸ್ವಲ್ಪವಾಗಿ ಮನೆಯವರ ಕೈಗೆ, ಅದರಲ್ಲೂ ಹೆಂಗಸರ ಕೈಗೆ ಹೇಗೆ ಬಂತು ಎಂಬುದನ್ನು ಈ ಲೇಖನದಲ್ಲಿ ನೋಡೋಣ.

ಮೊದಲನೆಯ ಮಹಾಯುದ್ಧದಿಂದ ಶುರುಮಾಡಬಹುದು. 1914ರಲ್ಲಿ ಭಾರತದ ಸೈನಿಕರು ಫ್ರಾನ್ಸಿನ ಕಂದಕಗಳಿಗೆ ಹೋದರು. ಗಾಯಗೊಂಡವರಲ್ಲಿ ಅನೇಕರನ್ನು ಇಂಗ್ಲೆಂಡಿನ ಬ್ರೈಟನ್ ಪಟ್ಟಣಕ್ಕೆ ಸಾಗಿಸಲಾಯಿತು. ಅಲ್ಲಿಯ ಹಳೆಯ ಅರಮನೆ ರಾಯಲ್ ಪೆವಿಲಿಯನ್ ಆಗ ಆಸ್ಪತ್ರೆಯಾಯಿತು. ಧರ್ಮ, ಜಾತಿಗಳ ಊಟದ ನಿಯಮ ಕೆಡಬಾರದೆಂದು 9 ಬೇರೆ ಬೇರೆ ಅಡುಗೆಮನೆಗಳನ್ನು ಮಾಡಿದ್ದರು. ವ್ಯವಸ್ಥೆ ಅಷ್ಟು ಅಚ್ಚುಕಟ್ಟು. ಆದರೆ ಮನೆಯವರು ಮಾತ್ರ ಏಳು ಸಮುದ್ರದಾಚೆ. ಅವರಿಗೂ ಗಾಯಾಳುವಿಗೂ ಇದ್ದ ಒಂದೇ ಕೊಂಡಿ ಕಾಗದ. ಓದುಬರಹ ಬಾರದ ಸೈನಿಕ ಹೇಳಿ ಬರೆಸಬೇಕು. ಅದನ್ನು ಸೆನ್ಸಾರ್ ಅಧಿಕಾರಿಗಳು ಓದಬೇಕು. ಊರು ಮುಟ್ಟಿದ ಮೇಲೆ ಓದಲು ಬರುವ ಒಬ್ಬರನ್ನು ಹುಡುಕಿ ಮನೆಯವರು ಓದಿಸಿಕೊಳ್ಳಬೇಕು. ಗಂಡ ಹೆಂಡತಿಗೆ ಹೇಳಬೇಕಾದ ಮಾತು ಇಷ್ಟು ಜನರ ಕಣ್ಣು, ಕಿವಿ ದಾಟಿ ಬರಬೇಕಿತ್ತು. ಗಾಯ ಎಷ್ಟು ದೊಡ್ಡದು, ವಾಸಿಯಾದರೆ ಮನೆಗೆ ಕಳಿಸುತ್ತಾರೋ ಮತ್ತೆ ಕಂದಕಕ್ಕೋ ಎಂಬುದು ಊರಿನವರಿಗೆ ತಿಳಿಯುತ್ತಿದ್ದದ್ದು ತಿಂಗಳುಗಟ್ಟಲೆ ತಡವಾಗಿ. ಆ ಕಾಲದಲ್ಲಿ ಮನೆಯವರ ಪಾಲಿಗೆ ಬಂದದ್ದು ಕಾಯುವ ಕೆಲಸ.

ಎರಡನೆಯ ಹಂತ 1917ರಲ್ಲಿ ಮುಂಬೈಯಲ್ಲಿ ಶುರುವಾಯಿತು. ಅಂಗ ಕಳೆದುಕೊಂಡು ಮರಳಿದ ಸೈನಿಕರಿಗೆ ಕೈಕಸುಬು ಕಲಿಸಲು, ಬೊಂಬಾಯಿ ಗವರ್ನರರ ಪತ್ನಿ ಲೇಡಿ ವಿಲಿಂಗ್ಡನ್ ಮುಂದಾಳತ್ವದಲ್ಲಿ ಕ್ವೀನ್ ಮೇರೀಸ್ ಟೆಕ್ನಿಕಲ್ ಸ್ಕೂಲ್ ತೆರೆಯಿತು. ಮುಂದೆ ಅದು ಖಡ್ಕಿಗೆ ಬಂತು. ಇಂದಿಗೂ ಕ್ವೀನ್ ಮೇರೀಸ್ ಟೆಕ್ನಿಕಲ್ ಇನ್‌ಸ್ಟಿಟ್ಯೂಟ್ ಎಂಬ ಹೆಸರಿನಲ್ಲಿ ನಡೆಯುತ್ತಿದೆ. ಇದರ ಹಿಂದಿನ ವಿಚಾರ ಸರಳ. ಪಿಂಚಣಿ ಮಾತ್ರ ಸಾಲದು, ದುಡಿದು ತಿನ್ನುವ ದಾರಿ ಬೇಕು. ಎರಡನೆಯ ಮಹಾಯುದ್ಧದ ನಡುವೆ, 1944ರಲ್ಲಿ, ಪುಣೆಯಲ್ಲೇ ಕೃತಕ ಕೈಕಾಲು ತಯಾರಿಸಿ ಜೋಡಿಸುವ ಆರ್ಟಿಫಿಶಿಯಲ್ ಲಿಂಬ್ ಸೆಂಟರ್ ಆರಂಭವಾಯಿತು.

ಇಲ್ಲಿಗೆ ಬಂದವರಲ್ಲಿ ಪ್ರಸಿದ್ಧರು ಇಯಾನ್ ಕಾರ್ಡೋಜೊ. 1971ರಲ್ಲಿ ಗೋರ್ಖಾ ಪಡೆಯ ಅಧಿಕಾರಿಯಾಗಿದ್ದ ಅವರು ಪೂರ್ವ ಬಂಗಾಳದಲ್ಲಿ ನೆಲಬಾಂಬಿನ ಮೇಲೆ ಕಾಲಿಟ್ಟರು. ಜಜ್ಜಿಹೋದ ಕಾಲನ್ನು ಖುಕ್ರಿಯಿಂದ ತಾವೇ ಕತ್ತರಿಸಿಕೊಂಡರು. ಯುದ್ಧಕೈದಿಯಾಗಿದ್ದ ಪಾಕಿಸ್ತಾನಿ ವೈದ್ಯರೊಬ್ಬರು ಶಸ್ತ್ರಚಿಕಿತ್ಸೆ ಮಾಡಿದರು. ಪುಣೆಯಲ್ಲಿ ಮರದ ಕಾಲು ಜೋಡಿಸಿಕೊಂಡು, ಬೆಟ್ಟ ಹತ್ತಿ ತೋರಿಸಿ, ಪದಾತಿ ದಳದ ಬೆಟಾಲಿಯನ್ ಒಂದರ ನಾಯಕತ್ವ ವಹಿಸಿದ ಮೊದಲ ಅಂಗವಿಕಲ ಅಧಿಕಾರಿ ಅವರು. ಮೇಜರ್ ಜನರಲ್ ಹುದ್ದೆಯವರೆಗೂ ಏರಿದರು.

ಖುಕ್ರಿಯ ಕಥೆ ಎಲ್ಲರಿಗೂ ನೆನಪಿರುತ್ತದೆ. ಕಾಲು ಕತ್ತರಿಸಿದ ಮೇಲಿನ ತಿಂಗಳುಗಳ ಕಥೆ ಹೇಳುವವರು ಕಡಿಮೆ. ಉಳಿದ ಮೋಟುಗಾಲಿಗೆ ದಿನವೂ ಕ್ರೇಪ್ ಬ್ಯಾಂಡೇಜ್ ಬಿಗಿಯಬೇಕು, ಇಲ್ಲದಿದ್ದರೆ ಊದಿಕೊಂಡು ಕೃತಕ ಕಾಲಿನ ಬಟ್ಟಲಿಗೆ ಹೊಂದುವುದಿಲ್ಲ. ಚರ್ಮ ಕೆಂಪಾಗಿದೆಯೇ ಎಂದು ದಿನವೂ ನೋಡಬೇಕು. ಇನ್ನೊಂದು ವಿಚಿತ್ರ ಸಂಕಟವೆಂದರೆ ಇಲ್ಲದ ಕಾಲು ನೋಯುವುದು. ಅಮೆರಿಕದ ಅಂತರ್ಯುದ್ಧದ ಗಾಯಾಳುಗಳಿಗೆ ಚಿಕಿತ್ಸೆ ಕೊಟ್ಟ ವೈದ್ಯ ಸೈಲಾಸ್ ವೀರ್ ಮಿಚೆಲ್ 1870ರ ದಶಕದಲ್ಲಿ ಇದಕ್ಕೆ ಫ್ಯಾಂಟಮ್ ಲಿಂಬ್ ಎಂಬ ಹೆಸರು ಕೊಟ್ಟರು. ಇದು ಭ್ರಮೆಯಲ್ಲ, ನರಗಳ ಮತ್ತು ಮಿದುಳಿನ ನಿಜವಾದ ನೋವು ಎಂದು ಇಂದು ವೈದ್ಯರಿಗೆ ಗೊತ್ತು. ರಾತ್ರಿ ಎರಡು ಗಂಟೆಗೆ ಗಂಡ ಇಲ್ಲದ ಹೆಬ್ಬೆರಳು ಉರಿಯುತ್ತಿದೆ ಎಂದು ಕೂಗಿದಾಗ, ಅವನಿಗೆ ಬುದ್ಧಿ ಕೆಟ್ಟಿಲ್ಲ ಎಂದು ಹೆಂಡತಿಗೆ ಯಾರಾದರೂ ಮೊದಲೇ ತಿಳಿಸಿ ಹೇಳಿರಬೇಕು. ಕುಟುಂಬಕ್ಕೆ ಹೇಳಿಕೊಡುವುದೂ ಚಿಕಿತ್ಸೆಯ ಭಾಗ ಎಂಬುದಕ್ಕೆ ಇದಕ್ಕಿಂತ ಸರಳ ಉದಾಹರಣೆ ಬೇಡ.

ಮೂರನೆಯ ಹಂತವೇ ಎಲ್ಲಕ್ಕಿಂತ ಕಷ್ಟದ್ದು. ಅದು ಬೆನ್ನುಹುರಿಯ ಗಾಯ. ಮೊದಲನೆಯ ಮಹಾಯುದ್ಧದಲ್ಲಿ ಬೆನ್ನುಹುರಿ ತುಂಡಾದವರಲ್ಲಿ ಹೆಚ್ಚಿನವರು ಎರಡು-ಮೂರು ವರ್ಷಗಳೊಳಗೆ ತೀರಿಕೊಂಡರು. ಕೊಂದದ್ದು ಗುಂಡಲ್ಲ, ಹಾಸಿಗೆ ಹುಣ್ಣು ಮತ್ತು ಮೂತ್ರದ ಸೋಂಕು. ನಾವು ಮಲಗಿದ್ದಾಗ ಒಂದು ಕಡೆ ಒತ್ತಿದರೆ ನಿದ್ದೆಯಲ್ಲೇ ಮಗ್ಗುಲು ಬದಲಿಸುತ್ತೇವೆ. ಸ್ಪರ್ಶ ತಿಳಿಯದ ದೇಹ ಆ ಸೂಚನೆ ಕೊಡುವುದಿಲ್ಲ. ಒತ್ತಿದ ಜಾಗಕ್ಕೆ ರಕ್ತ ಹರಿಯದೆ ಚರ್ಮ ಸಾಯುತ್ತದೆ, ಹುಣ್ಣು ಮೂಳೆಯವರೆಗೆ ಇಳಿಯುತ್ತದೆ.

ಈ ಹಣೆಬರಹವನ್ನು ಬದಲಿಸಿದವರು ಲುಡ್ವಿಗ್ ಗುಟ್‌ಮನ್. ನಾಜಿ ಜರ್ಮನಿಯಿಂದ 1939ರಲ್ಲಿ ತಪ್ಪಿಸಿಕೊಂಡು ಬಂದ ಯಹೂದಿ ನರರೋಗ ತಜ್ಞರಾದ ಇವರು 1944ರ ಫೆಬ್ರವರಿಯಲ್ಲಿ ಇಂಗ್ಲೆಂಡಿನ ಸ್ಟೋಕ್ ಮ್ಯಾಂಡೆವಿಲ್ ಆಸ್ಪತ್ರೆಯಲ್ಲಿ ಬೆನ್ನುಹುರಿ ಗಾಯಾಳುಗಳಿಗೆಂದೇ ವಿಭಾಗ ತೆರೆದರು. ಅವರ ಮುಖ್ಯ ಮದ್ದು ಯಾವ ಬಾಟಲಿಯಲ್ಲೂ ಇರಲಿಲ್ಲ. ಹಗಲು ರಾತ್ರಿ ಎನ್ನದೆ ಎರಡು ಗಂಟೆಗೊಮ್ಮೆ ರೋಗಿಯ ಮಗ್ಗುಲು ಬದಲಿಸಬೇಕು, ಅಷ್ಟೇ. ಅದರ ಜೊತೆಗೆ ಮೂತ್ರಕೋಶದ ಕಟ್ಟುನಿಟ್ಟಾದ ಆರೈಕೆ, ಕೆಲಸ, ಆಟ. 1948ರ ಜುಲೈ 29ರಂದು, ಲಂಡನ್ ಒಲಿಂಪಿಕ್ಸ್ ಉದ್ಘಾಟನೆಯ ದಿನವೇ, ಅವರ ಆಸ್ಪತ್ರೆಯ ಅಂಗಳದಲ್ಲಿ ಗಾಲಿಕುರ್ಚಿಯಲ್ಲಿ ಕೂತ 16 ಮಂದಿ ಬಿಲ್ಲುಗಾರಿಕೆಯ ಸ್ಪರ್ಧೆ ಮಾಡಿದರು. ಇಂದಿನ ಪ್ಯಾರಾಲಿಂಪಿಕ್ಸ್ ಬೆಳೆದದ್ದು ಆ ಅಂಗಳದಿಂದ.

ಈಗ ರೋಗಿ ಬದುಕುತ್ತಾನೆ. ಆಸ್ಪತ್ರೆಯಿಂದ ಮನೆಗೂ ಹೋಗುತ್ತಾನೆ. ಹಾಗಾದರೆ ಮನೆಯಲ್ಲಿ ಆ ಎರಡು ಗಂಟೆಯ ಗಡಿಯಾರ ನೋಡುವವರು ಯಾರು?

1972ರಲ್ಲಿ ಅಮೆರಿಕದ ವೈದ್ಯ ಜ್ಯಾಕ್ ಲ್ಯಾಪಿಡೀಸ್ ಒಂದು ಮುಖ್ಯ ವಿಷಯ ಪ್ರಕಟಿಸಿದರು. ಮೂತ್ರ ತೆಗೆಯಲು ಹೊತ್ತುಹೊತ್ತಿಗೆ ಕ್ಯಾಥೆಟರ್ ಹಾಕುವುದಕ್ಕೆ ಆಪರೇಷನ್ ಥಿಯೇಟರಿನಂಥ ಕ್ರಿಮಿರಹಿತ ಏರ್ಪಾಡು ಬೇಕಿಲ್ಲ, ಚೆನ್ನಾಗಿ ಕೈ ತೊಳೆದು ಶುಚಿಯಾಗಿ ಮಾಡಿದರೆ ಸಾಕು ಎಂಬುದು ಅದರ ಸಾರ. ಇದು ಲಕ್ಷಾಂತರ ಜನರ ಮೂತ್ರಪಿಂಡ ಉಳಿಸಿದ ವಿಧಾನ. ಇದರಿಂದ ನರ್ಸ್ ಮಾಡುತ್ತಿದ್ದ ಕೆಲಸವನ್ನು ಕೈ ಆಡುವ ರೋಗಿ ಸ್ವತಃ ಮಾಡಿಕೊಳ್ಳಬಹುದಾಯಿತು. ಕೈಯೂ ಆಡದಿದ್ದರೆ ಮನೆಯವರು. ವೈದ್ಯವಿಜ್ಞಾನ ಮುಂದುವರಿದಂತೆಲ್ಲ ಕೆಲಸ ವಾರ್ಡಿನಿಂದ ಮನೆಯ ನಡುಕೋಣೆಗೆ ಬಂತು.

ಹಾಗಾಗಿ ಬೆನ್ನುಹುರಿ ವಾರ್ಡಿನಲ್ಲಿ ಪಾಠ ಇಬ್ಬರಿಗೆ ನಡೆಯುತ್ತದೆ. ರೋಗಿ ಗಾಲಿಕುರ್ಚಿಗೆ ದಾಟುವುದನ್ನು ಕಲಿಯುವಾಗ ಮನೆಯವರು ತಮ್ಮ ಸೊಂಟ ಉಳುಕದಂತೆ ಅವನನ್ನು ಎತ್ತುವುದನ್ನು ಕಲಿಯುತ್ತಾರೆ. ಹಿಮ್ಮಡಿ, ಪೃಷ್ಠ, ಬೆನ್ನಿನ ಕೆಳಭಾಗವನ್ನು ದಿನವೂ ಪರೀಕ್ಷಿಸುವುದು, ಮಲವಿಸರ್ಜನೆಗೆ ಒಂದು ಹೊತ್ತು ಗೊತ್ತುಮಾಡುವುದು, ಕೀಲುಗಳು ಬಿಗಿಯಾಗದಂತೆ ಕೈಕಾಲು ಆಡಿಸುವುದು. ಕತ್ತು ಅಥವಾ ಎದೆಯ ಮೇಲ್ಭಾಗದಲ್ಲಿ ಬೆನ್ನುಹುರಿಗೆ ಪೆಟ್ಟಾಗಿದ್ದರೆ ಇನ್ನೊಂದು ಅಪಾಯವಿದೆ. ಮೂತ್ರದ ನಳಿಕೆ ಮಡಚಿಕೊಂಡರೂ ಸಾಕು, ರಕ್ತದೊತ್ತಡ ಇದ್ದಕ್ಕಿದ್ದಂತೆ ಏರುತ್ತದೆ. ತಲೆ ಸಿಡಿಯುವಂಥ ನೋವು, ಮುಖದಲ್ಲಿ ಬೆವರು. ಆಗ ಮೊದಲು ರೋಗಿಯನ್ನು ಎಬ್ಬಿಸಿ ಕೂರಿಸಬೇಕು, ನಳಿಕೆ ನೋಡಬೇಕು. ಗುರುತಿಸದೆ ಬಿಟ್ಟರೆ ಜೀವಕ್ಕೇ ಅಪಾಯ. ಊರಿನಲ್ಲಿ ಇದನ್ನು ಗುರುತಿಸಬೇಕಾದವರು ಮನೆಯವರೇ.

ಭಾರತದಲ್ಲಿ ಖಡ್ಕಿಯ ಮಿಲಿಟರಿ ಆಸ್ಪತ್ರೆ ಬೆನ್ನುಹುರಿ ಗಾಯಗಳ ಚಿಕಿತ್ಸೆಗೆ ಹೆಸರಾದುದು. ಮನೆಗೆ ಹೋಗಲಾರದ, ಅಥವಾ ಮನೆಯಲ್ಲಿ ನೋಡಿಕೊಳ್ಳಲು ಆಗದ ಮಾಜಿ ಸೈನಿಕರಿಗಾಗಿ 1974ರಲ್ಲಿ ಖಡ್ಕಿಯಲ್ಲಿ ಪ್ಯಾರಾಪ್ಲೆಜಿಕ್ ಪುನರ್ವಸತಿ ಕೇಂದ್ರ ಶುರುವಾಯಿತು. ಕೆಲ ವರ್ಷಗಳ ನಂತರ ಪಂಜಾಬಿನ ಮೊಹಾಲಿಯಲ್ಲಿ ಇನ್ನೊಂದು. ಖಡ್ಕಿಯಲ್ಲಿ ಗಾಲಿಕುರ್ಚಿಯ ಆಟಗಳೂ ಇವೆ, ಬಾಯಲ್ಲಿ ಬ್ರಷ್ ಹಿಡಿದು ಚಿತ್ರ ಬರೆಯುವವರೂ ಇದ್ದಾರೆ.

2024ರ ಹಿಂದಿ ಸಿನಿಮಾ ‘ಚಂದು ಚಾಂಪಿಯನ್’ ನೋಡಿದವರಿಗೆ ಮುರಳಿಕಾಂತ್ ಪೇಟ್ಕರ್ ಗೊತ್ತು. ಸೇನೆಯ ಇಎಂಇ ವಿಭಾಗದ ಬಾಕ್ಸರ್. 1965ರ ಯುದ್ಧದಲ್ಲಿ ಗುಂಡುಗಳು ತಗುಲಿ, ಒಂದು ಬೆನ್ನುಮೂಳೆಯಲ್ಲೇ ಉಳಿಯಿತು. ಚಿಕಿತ್ಸೆಯ ಭಾಗವಾಗಿ ಈಜಲು ಶುರುಮಾಡಿದವರು 1972ರ ಹೈಡೆಲ್‌ಬರ್ಗ್ ಪ್ಯಾರಾಲಿಂಪಿಕ್ಸ್‌ನಲ್ಲಿ 50 ಮೀಟರ್ ಫ್ರೀಸ್ಟೈಲ್ ಚಿನ್ನ ಗೆದ್ದರು. ಪದ್ಮಶ್ರೀ ಬಂದದ್ದು 2018ರಲ್ಲಿ. ನಮ್ಮವರೇ ಆದ ಕ್ಯಾಪ್ಟನ್ ನವೀನ್ ನಾಗಪ್ಪ ಕಾರ್ಗಿಲ್‌ನ ಪಾಯಿಂಟ್ 4875ರಲ್ಲಿ ಗ್ರೆನೇಡಿನಿಂದ ಕಾಲುಗಳಿಗೆ ತೀವ್ರ ಗಾಯಗೊಂಡು, ದೀರ್ಘಕಾಲ ಆಸ್ಪತ್ರೆಯಲ್ಲಿದ್ದು, ಸೇನೆ ಬಿಡಬೇಕಾಗಿ ಬಂದ ಮೇಲೆ ಮಿಲಿಟರಿ ಎಂಜಿನಿಯರಿಂಗ್ ಸರ್ವಿಸಸ್ ಸೇರಿದರು. ಇವು ಹೆಮ್ಮೆಯ ಕಥೆಗಳು. ಆದರೆ ಪದಕ ಗೆಲ್ಲದೆ, ಹುದ್ದೆ ಏರದೆ, ಹುಣ್ಣಾಗದಂತೆ ಮೂವತ್ತು ವರ್ಷ ಬದುಕಿದವನ ಕಥೆಯೂ ಗೆಲುವಿನದೇ. ಆ ಗೆಲುವಿನಲ್ಲಿ ಇನ್ನೊಬ್ಬರ ನಿದ್ದೆ ಸೇರಿದೆ.

ಈ ದುಡಿಮೆಯನ್ನು ಸರ್ಕಾರಗಳು ಲೆಕ್ಕಕ್ಕೆ ತಂದದ್ದು ಹೇಗೆ? ಅಮೆರಿಕದಲ್ಲಿ 1990ರಿಂದ ಫಿಶರ್ ಹೌಸ್ ಎಂಬ ಮನೆಗಳು ಮಿಲಿಟರಿ ಆಸ್ಪತ್ರೆಗಳ ಪಕ್ಕದಲ್ಲೇ ಎದ್ದವು. ಗಾಯಾಳುವಿನ ಮನೆಯವರಿಗೆ ಅಲ್ಲಿ ಬಾಡಿಗೆಯಿಲ್ಲದೆ ವಾಸ. 2010ರ ಒಂದು ಕಾನೂನು, 2001ರ ಸೆಪ್ಟೆಂಬರ್ 11ರ ನಂತರ ತೀವ್ರವಾಗಿ ಗಾಯಗೊಂಡವರನ್ನು ನೋಡಿಕೊಳ್ಳುವ ಕುಟುಂಬದವರಿಗೆ ತರಬೇತಿಯನ್ನೂ ತಿಂಗಳ ಭತ್ಯೆಯನ್ನೂ ಕೊಟ್ಟಿತು. 2018ರ ಕಾನೂನು ಅದನ್ನು ಹಿಂದಿನ ಯುದ್ಧಗಳವರಿಗೂ ವಿಸ್ತರಿಸಿತು.

ನಮ್ಮಲ್ಲಿ ಪಿಂಚಣಿಯ ಜೊತೆ ಕಾನ್‌ಸ್ಟಂಟ್ ಅಟೆಂಡೆನ್ಸ್ ಅಲವನ್ಸ್ ಇದೆ. ಶೇ. 100ರಷ್ಟು ಅಂಗವಿಕಲತೆ ಇದ್ದು, ಸದಾ ಜೊತೆಗೊಬ್ಬರು ಬೇಕೆಂದು ವೈದ್ಯಕೀಯ ಮಂಡಳಿ ಹೇಳಿದರೆ ಮಾಜಿ ಸೈನಿಕನಿಗೆ ಇದು ಸಿಗುತ್ತದೆ. 2017ರ ಜುಲೈನಿಂದ ಇದನ್ನು ತಿಂಗಳಿಗೆ 6,750 ರೂಪಾಯಿಗೆ ಏರಿಸಲಾಯಿತು. ಗುಟ್‌ಮನ್ ಗಡಿಯಾರದ ಪ್ರಕಾರ ದಿನಕ್ಕೆ 12 ಸಲ, ತಿಂಗಳಿಗೆ 360 ಸಲ ಮಗ್ಗುಲು ಬದಲಿಸಬೇಕು. 2017ರ ಆ ಮೊತ್ತವನ್ನು ಭಾಗಿಸಿ ನೋಡಿದರೆ ಒಂದು ಸಲಕ್ಕೆ 18 ರೂಪಾಯಿ 75 ಪೈಸೆ. ಸ್ನಾನ, ಊಟ, ಕ್ಯಾಥೆಟರ್, ಮೆಟ್ಟಿಲ ಮೇಲೆ ಎತ್ತಿಕೊಂಡು ಹೋಗುವುದು ಎಲ್ಲ ಅದರಲ್ಲೇ ಬಂತು. ಐಟಿಯಲ್ಲಿರುವ ನಮಗೆ ರಾತ್ರಿ ಆನ್-ಕಾಲ್ ಪಾಳಿ ಎಂದರೇನೆಂದು ಗೊತ್ತು. ನಮ್ಮದು ವಾರಕ್ಕೊಮ್ಮೆ ಇನ್ನೊಬ್ಬರಿಗೆ ಬದಲಾಗುತ್ತದೆ. ಈ ಪಾಳಿಗೆ ಬದಲಿಯಿಲ್ಲ.

ಹುತಾತ್ಮ ಸೈನಿಕನ ಪತ್ನಿಯನ್ನು ನಾವು ವೀರ ನಾರಿ ಎಂದು ಗೌರವದಿಂದ ಕರೆಯುತ್ತೇವೆ, ಅದು ಸರಿಯಾದದ್ದೇ. ಬದುಕಿ ಬಂದ ಗಾಯಾಳುವಿನ ಪತ್ನಿಗೆ ಅಂಥ ಹೆಸರು ನಮ್ಮ ಬಾಯಲ್ಲಿ ಇಲ್ಲ. ಅವಳನ್ನು ವೇದಿಕೆಗೆ ಕರೆಯುವವರೂ ಕಡಿಮೆ. ಏಕೆಂದರೆ ಗಂಡನನ್ನು ಬಿಟ್ಟು ಎರಡು ಗಂಟೆಗಿಂತ ಹೆಚ್ಚು ಅವಳು ಬರಲಾರಳು.

ಹೊರನಾಡಿನ ಕನ್ನಡ ಸಂಘಗಳಾದ ನಮಗೆ ಇದರಲ್ಲಿ ಒಂದು ಕೆಲಸವಿದೆ. ದೊಡ್ಡ ಸೇನಾ ಆಸ್ಪತ್ರೆಗಳಲ್ಲಿ ಹಲವು ಇರುವುದು ನಮ್ಮ ಊರುಗಳಲ್ಲೇ: ಪುಣೆ ಮತ್ತು ಖಡ್ಕಿ, ಮುಂಬೈಯ ಅಶ್ವಿನಿ, ದೆಹಲಿಯ ರಿಸರ್ಚ್ ಅಂಡ್ ರೆಫರಲ್. ಬೆಳಗಾವಿ, ಧಾರವಾಡ, ಕೊಡಗಿನ ಹಳ್ಳಿಗಳಿಂದ ಸೈನ್ಯ ಸೇರಿದವರು ಗಾಯಗೊಂಡರೆ ಮನೆಯವರು ಬರುವುದು ಇಲ್ಲಿಗೆ. ಸೈನಿಕನಿಗೆ ಹಿಂದಿ ಬರುತ್ತದೆ, ಅವನ ತಾಯಿಗೆ ಬರಬೇಕೆಂದಿಲ್ಲ. ಮೇಲೆ ಹೇಳಿದ ಪಾಠಗಳೆಲ್ಲ ಅವಳ ಕಿವಿಗೆ ಹಿಂದಿಯಲ್ಲೋ ಇಂಗ್ಲಿಷಿನಲ್ಲೋ ಬಿದ್ದರೆ, ಅರ್ಥವಾಗದೆ ಉಳಿದ ಒಂದು ಮಾತು ಊರಿಗೆ ಹೋದ ಮೇಲೆ ಹುಣ್ಣಾಗಿ ಕಾಣಿಸಿಕೊಳ್ಳಬಹುದು.

ನಮ್ಮಲ್ಲಿ ನರ್ಸುಗಳಿದ್ದಾರೆ, ಫಿಸಿಯೋಥೆರಪಿಸ್ಟರಿದ್ದಾರೆ, ನಿವೃತ್ತ ಅಧ್ಯಾಪಕಿಯರಿದ್ದಾರೆ. ಆಸ್ಪತ್ರೆಯ ಒಪ್ಪಿಗೆ ಪಡೆದು, ಎರಡು ಗಂಟೆಯ ಮಗ್ಗುಲಿನಿಂದ ಹಿಡಿದು ಕ್ಯಾಥೆಟರ್ ಶುಚಿಯವರೆಗೆ ಚಿತ್ರಗಳೊಂದಿಗೆ ನಾಲ್ಕು ಪುಟದ ಕನ್ನಡ ಕೈಪಿಡಿ ಮಾಡಬಹುದು. ವಾರಕ್ಕೊಮ್ಮೆ ಇಬ್ಬರು ಹೋಗಿ ವೈದ್ಯರ ಮಾತನ್ನು ಕನ್ನಡದಲ್ಲಿ ಹೇಳಿಕೊಡಬಹುದು. ಆ ತಾಯಿ ಒಂದು ಮಧ್ಯಾಹ್ನ ನಿಶ್ಚಿಂತೆಯಿಂದ ಮಲಗಲು ನಮ್ಮಲ್ಲಿ ಯಾರದಾದರೂ ಮನೆ ತೆರೆದಿರಬಹುದು. ನೂರು ವರ್ಷದ ಹಿಂದೆ ಬ್ರೈಟನ್ನಿನ ಕಾಗದ ಓದಿಸಿಕೊಳ್ಳಲು ಊರಿನವರು ಓದು ಬಲ್ಲವರೊಬ್ಬರನ್ನು ಹುಡುಕುತ್ತಿದ್ದರು. ಇಂದು ಅಂಥ ಒಬ್ಬರು ಬೇಕಾಗಿರುವುದು ನಮ್ಮ ಮನೆಯಿಂದ ಅರ್ಧ ಗಂಟೆಯ ದಾರಿಯಲ್ಲಿ.