ರಿಮೋಟ್ ದೋಣಿ ಪಂದ್ಯ: ಹೊಸಬರಿಗಾಗಿ ಬರೆದ ನಿಯಮಗಳ ಕತೆ

ಅಮೆರಿಕದ ಮ್ಯಾಸಚೂಸೆಟ್ಸ್ ರಾಜ್ಯದ ಕಡಲ ದಂಡೆಯಲ್ಲಿ ಮಾರ್ಬಲ್‌ಹೆಡ್ ಅಂತ ಒಂದು ಊರಿದೆ. ಹಾಯಿದೋಣಿಗಳಿಗೆ ಹೆಸರಾದ ಊರು. 1930ರಲ್ಲಿ ಅಲ್ಲಿನ ರಾಯ್ ಕ್ಲಫ್ ಎಂಬುವರು ಪುಟ್ಟ ಮಾದರಿ ದೋಣಿಗಳ ಪಂದ್ಯಕ್ಕೆ ಒಂದು ನಿಯಮ ರೂಪಿಸಿದರು. ದೋಣಿಯ ಉದ್ದ 50 ಇಂಚು. ಹಾಯಿಯ ವಿಸ್ತೀರ್ಣ 800 ಚದರ ಇಂಚು. ಮಾಡಬಾರದ ಕೆಲವು ಕೆಲಸಗಳ ಪಟ್ಟಿ ಜೊತೆಗಿತ್ತು ಅನ್ನುವುದು ಬಿಟ್ಟರೆ, ಮುಖ್ಯ ಮಾತು ಈ ಎರಡೇ ಅಂಕಿ.

ಇದರಲ್ಲಿ ಏನು ದೊಡ್ಡದು ಅನ್ನಿಸಬಹುದು. ಅದಕ್ಕೂ ಮುಂಚೆ ಏನಿತ್ತು ಅಂತ ನೋಡಿದರೆ ತಿಳಿಯುತ್ತದೆ. 1920ರ ದಶಕದಲ್ಲಿ ಬ್ರಿಟನ್‌ನಲ್ಲಿ ‘ಎ ಕ್ಲಾಸ್’ ಎಂಬ ಮಾದರಿ ದೋಣಿಗಳು ಓಡುತ್ತಿದ್ದವು. ಅವುಗಳ ಅಳತೆಗೆ ಒಂದು ಸೂತ್ರ. ದೋಣಿಯ ಉದ್ದ, ಹಾಯಿಯ ವಿಸ್ತೀರ್ಣದ ವರ್ಗಮೂಲ, ತೂಕದ ಲೆಕ್ಕದ ಘನಮೂಲ ಎಲ್ಲ ಹಾಕಿ ಕೂಡಿ ಭಾಗಿಸಿದರೆ ಉತ್ತರ 39.37 ಇಂಚು, ಅಂದರೆ ಒಂದು ಮೀಟರ್ ಮೀರಬಾರದು. ಉದ್ದ ಹೆಚ್ಚಿಸಿದರೆ ಹಾಯಿ ಕಡಿಮೆ ಮಾಡಬೇಕು, ತೂಕ ಬದಲಾದರೆ ಮತ್ತೆ ಲೆಕ್ಕ. ದೋಣಿಗಳೋ 25 ಕಿಲೋ ಆಸುಪಾಸು ತೂಗುತ್ತಿದ್ದವು. ಗಣಿತ ಬಲ್ಲವರಿಗೆ, ಒಳ್ಳೆಯ ಬಡಗಿಗೆ ದುಡ್ಡು ಕೊಡಬಲ್ಲವರಿಗೆ ಅದು ಸೊಗಸಾದ ಆಟ. ಸಂಜೆ ಕೆಲಸ ಮುಗಿಸಿ ಮನೆಯ ಹಿತ್ತಲಲ್ಲಿ ದೋಣಿ ಮಾಡುವವನಿಗೆ ಮೊದಲ ದಿನವೇ ಬಾಗಿಲು ಹಾಕಿದಂತೆ.

50 ಮತ್ತು 800 ಆ ಬಾಗಿಲು ತೆಗೆದವು. ಟೇಪು ಹಿಡಿದು ಯಾರು ಬೇಕಾದರೂ ಅಳೆಯಬಹುದು. ದೋಣಿ ಒಬ್ಬನೇ ಎತ್ತಿಕೊಂಡು ಹೋಗುವಷ್ಟು. 1937ರ ಹೊತ್ತಿಗೆ ಮಾರ್ಬಲ್‌ಹೆಡ್ ಅಂತರರಾಷ್ಟ್ರೀಯ ಕ್ಲಾಸ್ ಆಗಿ ಮಾನ್ಯವಾಯಿತು.

‘ಕ್ಲಾಸ್’ ಅಂದರೆ ಏನು ಅಂತ ನಮ್ಮ ಕಡೆಯವರಿಗೆ ಬಿಡಿಸಿ ಹೇಳಬೇಕಿಲ್ಲ. ಊರಿನ ಕಬಡ್ಡಿ ಪಂದ್ಯದ ಕರಪತ್ರದಲ್ಲಿ ‘60 ಕೆ.ಜಿ. ವಿಭಾಗ’ ಅಂತ ಹಾಕುತ್ತಾರಲ್ಲ, ಅದೇ. ಸಮಾನರ ನಡುವೆ ಪಂದ್ಯ ನಡೆಯಲಿ, ಗೆದ್ದವನು ಆಟದಿಂದ ಗೆಲ್ಲಲಿ ಅನ್ನುವುದು ಆಸೆ. ತೂಕ ಹಾಕುವ ಹಿಂದಿನ ದಿನ ಊಟ ಬಿಟ್ಟು ಬಂದು ಒಳಗೆ ನುಗ್ಗುವ ಆಟಗಾರರನ್ನೂ ನಾವು ನೋಡಿದ್ದೇವೆ. ದೋಣಿ ಪಂದ್ಯದ ಚರಿತ್ರೆಯ ಅರ್ಧಭಾಗ ಈ ಜಾತಿಯ ನುಸುಳುವಿಕೆಯದ್ದೇ.

ಆ ಕಾಲದ ದೋಣಿಗಳಿಗೆ ರಿಮೋಟ್ ಇರಲಿಲ್ಲ. ಕೆರೆಯ ಒಂದು ದಡದಿಂದ ಬಿಟ್ಟರೆ ಗಾಳಿಯ ಮೇಲೆ ತಾನೇ ಸಾಗಬೇಕು. ಚುಕ್ಕಾಣಿಯನ್ನು ಹಾಯಿಯ ಹಗ್ಗಕ್ಕೋ, ಗಾಳಿ ತೋರುವ ಪುಟ್ಟ ರೆಕ್ಕೆಗೋ ಜೋಡಿಸಿ ದಾರಿ ಹೊಂದಿಸುತ್ತಿದ್ದರು. ದೋಣಿಯ ಒಡೆಯ ಕೈಯಲ್ಲಿ ಕೋಲು ಹಿಡಿದು ದಡದುದ್ದಕ್ಕೂ ಓಡಬೇಕು. ದೋಣಿ ದಡ ಮುಟ್ಟಿದೊಡನೆ ಕೋಲಿನಿಂದ ತಿರುಗಿಸಿ ಮತ್ತೆ ಬಿಡಬೇಕು. ಓಡಲಾಗದವನಿಗೆ ಈ ಆಟ ಇಲ್ಲ!

ಬ್ರಿಟನ್‌ನಲ್ಲಿ ಹುಡುಗರಿಗೆ, ಕಲಿಯುವವರಿಗೆ ಅಂತ ‘36 ರಿಸ್ಟ್ರಿಕ್ಟೆಡ್’ ಎಂಬ ಕ್ಲಾಸ್ ಬಂತು. ಅದರ ಅಳತೆಯ ವಿಧಾನ ನನಗೆ ಬಲು ಇಷ್ಟ. 36 ಇಂಚು ಉದ್ದ, 9 ಇಂಚು ಅಗಲ, 11 ಇಂಚು ಆಳದ ಒಂದು ಪೆಟ್ಟಿಗೆ. ದೋಣಿಯ ಒಡಲು ಅದರೊಳಗೆ ಕೂರಬೇಕು, ತೂಕ 12 ಪೌಂಡ್ ದಾಟಬಾರದು. ಕೂತರೆ ಸೈ, ಕೂರದಿದ್ದರೆ ಇಲ್ಲ. ಅಳತೆ ಮಾಡುವವನ ಮೇಲೆ ಅನುಮಾನಪಡುವ ಮಾತೇ ಬರುವುದಿಲ್ಲ. ಸೋತ ಹುಡುಗನೂ ತನ್ನ ಕಣ್ಣಾರೆ ನೋಡಿಕೊಳ್ಳಬಹುದು.

ರೇಡಿಯೋದಿಂದ ದೋಣಿ ಓಡಿಸುವ ವಿದ್ಯೆ ಇದಕ್ಕಿಂತ ಹಳೆಯದು. 1898ರಲ್ಲಿ ನ್ಯೂಯಾರ್ಕಿನ ಮ್ಯಾಡಿಸನ್ ಸ್ಕ್ವೇರ್ ಗಾರ್ಡನ್‌ನಲ್ಲಿ ನಿಕೋಲಾ ಟೆಸ್ಲಾ ನೀರಿನ ತೊಟ್ಟಿಯಲ್ಲಿ ಒಂದು ಪುಟ್ಟ ದೋಣಿಯನ್ನು ತಂತಿಯಿಲ್ಲದೆ ನಡೆಸಿ ತೋರಿಸಿದರು. ಅದೇ ವರ್ಷ ನವೆಂಬರ್ 8ರಂದು ಅದಕ್ಕೆ ಪೇಟೆಂಟ್ ಸಿಕ್ಕಿತು. ಆದರೆ ಸಾಮಾನ್ಯರ ಕೈಗೆ ಎಟುಕುವ ಬೆಲೆಗೆ, ಬೆರಳು ಎಷ್ಟು ಸರಿದರೆ ಚುಕ್ಕಾಣಿಯೂ ಅಷ್ಟೇ ತಿರುಗುವಂಥ ರೇಡಿಯೋ ಬರಲು ಟ್ರಾನ್ಸಿಸ್ಟರ್ ಕಾಲ ಬೇಕಾಯಿತು. 1970ರ ದಶಕದಲ್ಲಿ ಮಾರ್ಬಲ್‌ಹೆಡ್ ದೋಣಿಗಳು ಕೋಲು ಬಿಟ್ಟು ರೇಡಿಯೋ ಹಿಡಿದವು. ದಡದಲ್ಲಿ ನಿಂತೇ ಎಲ್ಲರೂ ಒಟ್ಟಿಗೆ ಪಂದ್ಯ ಆಡುವಂತಾಯಿತು. ವಯಸ್ಸಾದವರೂ ಬಂದರು.

ಕ್ಲಫ್ ಅವರ ಸರಳ ನಿಯಮದ ಇನ್ನೊಂದು ಮುಖ ಕಂಡದ್ದು ಆಗ. ಎರಡೇ ಅಂಕಿ ಹೇಳಿ ಉಳಿದದ್ದನ್ನು ಹೇಳದೆ ಬಿಟ್ಟರೆ, ಹೇಳದ್ದೆಲ್ಲ ಮಾಡಬಹುದು ಅಂತಾಯಿತು. ತೂಕಕ್ಕೆ ಕೆಳಮಿತಿ ಇರಲಿಲ್ಲ. ಹಾಗಾಗಿ ಮರದ ಒಡಲು ಹೋಗಿ ಫೈಬರ್ ಬಂತು, ಫೈಬರ್ ಹೋಗಿ ಕಾರ್ಬನ್ ಬಂತು. ಒಡಲು ಸಣಕಲಾಯಿತು, ಕೆಳಗಿನ ಸೀಸದ ಗುಂಡು ನೀರಿನೊಳಗೆ ಇನ್ನೂ ಇನ್ನೂ ಆಳಕ್ಕೆ ಇಳಿಯಿತು. ಆಳಕ್ಕೆ ಹೋದಷ್ಟೂ ಕಡಿಮೆ ಸೀಸದಲ್ಲೇ ದೋಣಿ ನೆಟ್ಟಗೆ ನಿಲ್ಲುತ್ತದೆ, ಹಗುರಾಗುತ್ತದೆ, ವೇಗ ಬರುತ್ತದೆ. ಮೆಲ್ಲನೆ ಬೀಸುವ ಗಾಳಿಗೆ ಒಂದು ಹಾಯಿ, ಜೋರಿಗೆ ಇನ್ನೊಂದು, ನಡುವೆ ಮತ್ತೆರಡು, ಹೀಗೆ ಗೆಲ್ಲುವವರ ಕಾರಿನ ಡಿಕ್ಕಿ ತುಂಬ ಹಾಯಿಗಳ ಸೆಟ್ಟು. ಹೊಸಬನನ್ನು ಒಳಗೆ ಕರೆದ ನಿಯಮವೇ ಈಗ ಅವನನ್ನು ಹೊರಗೆ ನಿಲ್ಲಿಸಿತು. ನಿಯಮದ ಒಂದಕ್ಷರವನ್ನೂ ಯಾರೂ ಮುರಿದಿರಲಿಲ್ಲ. ಮಾರ್ಬಲ್‌ಹೆಡ್ ಇವತ್ತಿಗೂ ಅತಿ ಚೆಂದದ, ಅತಿ ವೇಗದ ದೋಣಿಗಳಲ್ಲೊಂದು. ಅದನ್ನು ಹಳಿಯುವುದು ತಪ್ಪು, ಕಲಿಯುವವನಿಗೆ ಕೊಡುವುದೂ ತಪ್ಪು.

ಮೋಟಾರು ದೋಣಿಯವರ ಪಾಡೂ ಬೇರೆಯಲ್ಲ. ಎಲೆಕ್ಟ್ರಿಕ್ ದೋಣಿಗಳಿಗೆ ಹಿಂದೆ ಬ್ಯಾಟರಿ ಸೆಲ್ ಇಷ್ಟೇ ಇರಬೇಕು ಅಂತ ಎಣಿಕೆಯ ಮಿತಿ ಹಾಕಿದರು. ಎಣಿಕೆ ಹಾಗೇ ಉಳಿಯಿತು, ಸೆಲ್ಲಿನೊಳಗಿನ ಶಕ್ತಿ ವರ್ಷ ವರ್ಷ ಏರಿತು. ಕಳೆದ ವರ್ಷದ ಸೆಲ್ ಇಟ್ಟುಕೊಂಡವನು ಹಿಂದೆ ಬಿದ್ದ. ಕೊನೆಗೆ ಯುರೋಪಿನವರು ಎಣಿಸುವುದು ಬಿಟ್ಟು ಬ್ಯಾಟರಿಯನ್ನು ತಕ್ಕಡಿಗೇ ಹಾಕಿ, ಗ್ರಾಂ ಲೆಕ್ಕದಲ್ಲಿ ಮಿತಿ ತಂದರು. ಅಗ್ಗದ ಮೋಟಾರನ್ನೇ ಕಡ್ಡಾಯ ಮಾಡಿದರೆ ಎಲ್ಲ ಸರಿಹೋಗುತ್ತದೆ ಅಂದುಕೊಳ್ಳಬೇಡಿ. ಉಳ್ಳವನು ಹತ್ತು ಮೋಟಾರು ಕೊಂಡು, ಒಂದೊಂದನ್ನೂ ಓಡಿಸಿ ನೋಡಿ, ಚುರುಕಾದದ್ದನ್ನು ಆರಿಸಿಕೊಳ್ಳುತ್ತಾನೆ. ರಿಮೋಟ್ ಕಾರಿನವರು ಇದಕ್ಕೆ ಮದ್ದು ಕಂಡುಕೊಂಡಿದ್ದರು: ಪಂದ್ಯದ ದಿನ ಸಂಘಟಕರೇ ಮೋಟಾರು ಹಂಚುವುದು.

ಹಾಯಿದೋಣಿಗೆ ಬರೋಣ. 1988ರಲ್ಲಿ ಅಂತರರಾಷ್ಟ್ರೀಯ ಹಾಯಿ ಸಂಸ್ಥೆಯ ಮಾದರಿ ದೋಣಿ ವಿಭಾಗ ‘ಇಂಟರ್‌ನ್ಯಾಷನಲ್ ಒನ್ ಮೀಟರ್’ ಎಂಬ ಹೊಸ ಕ್ಲಾಸ್ ತಂದಿತು. ಸ್ವೀಡನ್ನಿನ ಯಾನ್ ಡೇಮೊ ಇದರ ಹಿಂದಿದ್ದವರಲ್ಲಿ ಮುಖ್ಯರು. ಮಾರ್ಬಲ್‌ಹೆಡ್‌ನ ಪಾಠ ಇವರ ಕಣ್ಣ ಮುಂದಿತ್ತು. ಅದಕ್ಕೇ ಅವರ ನಿಯಮದ ಬುನಾದಿಯೇ ತಿರುವುಮುರುವು. ಇಲ್ಲಿ ಸ್ಪಷ್ಟವಾಗಿ ಮಾಡಬಹುದು ಅಂತ ಹೇಳಿದ್ದನ್ನು ಮಾತ್ರ ಮಾಡಬೇಕು. ಹೇಳದ್ದೆಲ್ಲ ನಿಷಿದ್ಧ. ಜಾಣತನ ತೋರಿಸುವವನು ಮೊದಲು ಅಪ್ಪಣೆ ಕೇಳಬೇಕು.

ಅಂಕಿಗಳನ್ನು ನೋಡಿ. ಒಡಲಿನ ಉದ್ದ ಒಂದು ಮೀಟರ್ ಮೀರಬಾರದು. ನೀರಿನೊಳಗಿನ ಆಳ 420 ಮಿಲಿಮೀಟರ್ ಮೀರಬಾರದು. ಅಲ್ಲಿಗೆ ಸೀಸವನ್ನು ಆಳಕ್ಕೆ ಇಳಿಸುವ ಪೈಪೋಟಿ ಮುಗಿಯಿತು. ಒಡಲಿಗೂ ಹಾಯಿಯ ಕಂಬಕ್ಕೂ ಕಾರ್ಬನ್ ಬಳಸುವಂತಿಲ್ಲ, ಕಂಬ ಅಲ್ಯೂಮಿನಿಯಂ ಅಥವಾ ಮರದ್ದು. ಹಾಯಿ ಮೂರೇ ಸೆಟ್ಟು, ಎ, ಬಿ, ಸಿ. ಮೂರರ ಅಳತೆಯೂ ಎಲ್ಲರಿಗೂ ಒಂದೇ. ರೇಡಿಯೋದಿಂದ ಎರಡೇ ಕೆಲಸ: ಚುಕ್ಕಾಣಿ ತಿರುಗಿಸುವುದು, ಹಾಯಿಯ ಹಗ್ಗ ಎಳೆದು ಬಿಡುವುದು.

ಎಲ್ಲಕ್ಕಿಂತ ನನಗೆ ದೊಡ್ಡದಾಗಿ ಕಂಡದ್ದು ತೂಕದ ನಿಯಮ. ದೋಣಿ ಕನಿಷ್ಠ 4 ಕಿಲೋ ತೂಗಬೇಕು. ಗರಿಷ್ಠ ಅಲ್ಲ, ಕನಿಷ್ಠ. ಮೊದಲ ಸಲ ಓದಿದಾಗ ಇದೇಕೆ ಅನ್ನಿಸಿತ್ತು. ದೋಣಿಯಲ್ಲಿ ದುಡ್ಡು ಸುರಿಯುವುದೇ ತೂಕ ಇಳಿಸಲು. ಬುಡದಲ್ಲಿರುವ ಹಲಗೆ ಮತ್ತು ಸೀಸದ ಗುಂಡಿಗೆ ಸೇರಿ ಎರಡೂವರೆ ಕಿಲೋವರೆಗೆ ಅವಕಾಶ. ಉಳಿದ ಒಂದೂವರೆ ಕಿಲೋದಲ್ಲಿ ಒಡಲು, ಹಾಯಿ, ಬ್ಯಾಟರಿ, ರೇಡಿಯೋ. ಮನೆಯಲ್ಲೇ ಮರದ ತೆಳು ಪಟ್ಟಿ ಅಂಟಿಸಿ ಒಡಲು ಮಾಡಿದವನೂ ಈ ತೂಕ ಮುಟ್ಟಬಹುದು. ಅದಕ್ಕಿಂತ ಹಗುರ ಮಾಡಲು ಲಕ್ಷ ಸುರಿದವನು, ಪಂದ್ಯಕ್ಕೆ ಮುಂಚೆ ಸೀಸದ ತುಂಡು ಅಂಟಿಸಿ ಮತ್ತೆ 4 ಕಿಲೋ ಮಾಡಿಕೊಳ್ಳಬೇಕು. ಸುರಿದ ದುಡ್ಡು ಪೂರ್ತಿ ವ್ಯರ್ಥ ಅಂತಲ್ಲ, ಆ ಸೀಸವನ್ನು ಬೇಕಾದ ಕಡೆ ಕೂರಿಸಬಹುದು. ಆದರೆ ಲಾಭ ತೀರ ಸಣ್ಣದಾಯಿತು.

ಒಂದೇ ಒಂದು ಕಿಟಕಿ ತೆರೆದಿಟ್ಟರು. ಒಡಲಿನ ಆಕಾರ. ಅದನ್ನು ಯಾರು ಹೇಗೆ ಬೇಕಾದರೂ ರೂಪಿಸಬಹುದು. ದೋಣಿ ಕಟ್ಟುವ ಸುಖ ಉಳಿಯಲಿ ಅಂತಲೇ ಹೀಗೆ ಮಾಡಿದ್ದು. ಮೂವತ್ತು ವರ್ಷ ಕಳೆಯುವಷ್ಟರಲ್ಲಿ ಆ ಕಿಟಕಿಯಿಂದ ಏನೆಲ್ಲ ಬಂತು! ವೃತ್ತಿಪರ ವಿನ್ಯಾಸಕಾರರು ಬಂದರು, ಅಚ್ಚಿನಲ್ಲಿ ಎರಕ ಹೊಯ್ದ ಒಡಲುಗಳು ಬಂದವು, ಗೆದ್ದ ವಿನ್ಯಾಸಕ್ಕೆ ಜನ ಸಾಲುಗಟ್ಟಿದರು. ಈಗ ಪಂದ್ಯಕ್ಕೆ ಸಿದ್ಧವಾದ ಹೊಸ ಒನ್ ಮೀಟರ್ ದೋಣಿ ನಮ್ಮ ಲೆಕ್ಕದಲ್ಲಿ ಲಕ್ಷ ರೂಪಾಯಿ ದಾಟುತ್ತದೆ. ಲೋಕದಲ್ಲಿ ಅತಿ ಹೆಚ್ಚು ಜನ ಆಡುವ ರೇಡಿಯೋ ಹಾಯಿದೋಣಿ ಕ್ಲಾಸುಗಳಲ್ಲಿ ಇದೂ ಒಂದು ಅನ್ನುವುದೂ ನಿಜ. ಹಾಗಾಗಿ ಸೋತಿತು ಅನ್ನಲಾರೆ. ಆದರೆ ಮೊದಲ ದೋಣಿ ಕೊಳ್ಳುವವನು ಮತ್ತೆ ಬೇಲಿಯಾಚೆಯೇ ನಿಂತ.

2010ರ ನಂತರ ಬಂದ ಉತ್ತರ ಇನ್ನೂ ಬಿಗಿ. ಬ್ರಿಟನ್‌ನ ಮಾರ್ಕ್ ಡಿಕ್ಸ್ ಅವರ ವಿನ್ಯಾಸ, ಚೀನಾದ ಜಾಯ್ಸ್‌ವೇ ಕಂಪನಿಯ ತಯಾರಿಕೆ, ಹೆಸರು ಡ್ರ್ಯಾಗನ್‌ಫೋರ್ಸ್ 65. ಉದ್ದ 650 ಮಿಲಿಮೀಟರ್, ಒಂದು ಕೈಯಲ್ಲಿ ಹಿಡಿದು ಬೈಕಿನಲ್ಲಿ ಕೂರಬಹುದು. ಬೆಲೆ ಒನ್ ಮೀಟರ್‌ನ ಒಂದು ಸಣ್ಣ ಪಾಲು. ಕ್ಲಾಸಿನ ನಿಯಮ ಹೇಳುವುದು ಇಷ್ಟು: ಫ್ಯಾಕ್ಟರಿಯಿಂದ ಒಡಲು, ಚುಕ್ಕಾಣಿ, ಬುಡದ ಗುಂಡು ಹೇಗೆ ಬಂತೋ ಹಾಗೇ ಇರಲಿ. ಉಜ್ಜಿ ಆಕಾರ ತಿದ್ದಬೇಡ. ನಿಯಮ ಅನುಮತಿ ಕೊಡದ ಬದಲಾವಣೆ ಯಾವುದೂ ಇಲ್ಲ. ತೆರೆದಿದ್ದ ಆ ಕೊನೆಯ ಕಿಟಕಿಯನ್ನೂ ಮುಚ್ಚಿಬಿಟ್ಟರು. ಕ್ಲಬ್ಬುಗಳು ತುಂಬಿದವು. ಅನುಭವಿಯ ದೋಣಿಯೂ ಹೊಸಬನ ದೋಣಿಯೂ ಒಂದೇ ಡಬ್ಬಿಯಿಂದ ಬಂದವು. ಸೋತರೆ ಗಾಳಿ ಓದಲು ಬರಲಿಲ್ಲ ಅಂತ ಅರ್ಥ, ಬೇರೆ ನೆಪವಿಲ್ಲ.

ಇದಕ್ಕೆ ತೆತ್ತ ಬೆಲೆಯೂ ಇದೆ. ಮರ ಕೆತ್ತಿ, ಹಾಯಿ ಹೊಲಿದು ತನ್ನ ಕೈಯಾರೆ ದೋಣಿ ಮಾಡುವವನಿಗೆ ಇಲ್ಲಿ ಜಾಗವಿಲ್ಲ. ನಿಯಮದ ಅರ್ಧ ಬೀಗದ ಕೈ ಈಗ ಒಂದು ಕಂಪನಿಯ ಬಳಿ ಇದೆ. ಅದು ಹೊಸ ಆವೃತ್ತಿ ತಂದಾಗಲೆಲ್ಲ ಹಳೆಯದು ಇಟ್ಟುಕೊಂಡವನು ಒಂದು ಕ್ಷಣ ದಿಗಿಲುಪಡುತ್ತಾನೆ. ಕಂಪನಿ ನಾಳೆ ಬಾಗಿಲು ಹಾಕಿದರೆ? ಹಾಗಿದ್ದರೂ ನಾಲ್ಕು ಜನ ಹೊಸದಾಗಿ ಸೇರಿ ಪಂದ್ಯ ಶುರು ಮಾಡುತ್ತೇವೆ ಅಂದರೆ ನಾನು ಇದನ್ನೇ ಹೇಳುತ್ತೇನೆ. ಮೊದಲ ಎರಡು ವರ್ಷ ಎಲ್ಲರದೂ ಒಂದೇ ದೋಣಿ ಇರಲಿ. ಕಟ್ಟುವ ಆಸೆ ಹುಟ್ಟಿದವರು ಆಮೇಲೆ ಒನ್ ಮೀಟರ್‌ಗೆ ಹೋಗಲಿ.

ಇನ್ನು ಆ ಹಳೆಯ 50 ಇಂಚಿನ ಮರದ ದೋಣಿಗಳು. ಕಾರ್ಬನ್ ದೋಣಿಗಳ ಎದುರು ಅವು ಗೆಲ್ಲಲಾರವು, ಆದರೆ ಅಟ್ಟ ಸೇರಲಿಲ್ಲ. ಅಮೆರಿಕದಲ್ಲಿ ಹಳೆ ಮಾದರಿ ದೋಣಿ ಪ್ರಿಯರ ಒಂದು ಬಳಗ ಅವಕ್ಕೆ ವಯಸ್ಸಿನ ಮೇಲೆ ವಿಭಾಗ ಮಾಡಿದೆ. ಎರಡನೇ ಮಹಾಯುದ್ಧದ ಕಾಲದವರೆಗಿನ ವಿನ್ಯಾಸಗಳು ‘ಟ್ರೆಡಿಷನಲ್’. ಅಲ್ಲಿಂದ 1970ರವರೆಗಿನವು ‘ಹೈ ಫ್ಲೈಯರ್’. ಕೋಲು ಹಿಡಿದು ಓಡುವ ಕಾಲಕ್ಕಾಗಿ ಕಟ್ಟಿದ ಆ ಮರದ ಒಡಲಿನೊಳಗೆ ಈಗ ಪುಟ್ಟ ರೇಡಿಯೋ ಕೂರಿಸಿ, ತಮ್ಮ ವಯಸ್ಸಿನ ದೋಣಿಗಳ ಜೊತೆಗೇ ಕೆರೆಗೆ ಇಳಿಸುತ್ತಾರೆ.