ಚೀನೀ ಲಿಪಿಯಲ್ಲಿ ಗೆರೆಗಳ ಕ್ರಮ

ಚೀನೀ ಲಿಪಿಯ ಅಕ್ಷರವೊಂದನ್ನು ಬರೆಯುವಾಗ ಯಾವ ಗೆರೆ ಮೊದಲು, ಯಾವುದು ಆಮೇಲೆ, ಪ್ರತಿ ಗೆರೆ ಎಲ್ಲಿಂದ ಎತ್ತ ಸಾಗಬೇಕು ಎಂಬುದನ್ನು ಗೊತ್ತುಪಡಿಸುವ ಪದ್ಧತಿ. ಚೀನೀ ಭಾಷೆಯಲ್ಲಿ ಇದಕ್ಕೆ ಬಿಷುನ್ ಎಂದು ಹೆಸರು. ಕುಂಚ ಅಥವಾ ಲೇಖನಿ ಕಾಗದಕ್ಕೆ ತಾಗಿದಲ್ಲಿಂದ ಮೇಲೇಳುವವರೆಗಿನ ಎಳೆತವೇ ಒಂದು ಗೆರೆ. ನಡುವೆ ತಿರುವು ಬಂದರೂ ಲೆಕ್ಕಕ್ಕೆ ಅದು ಒಂದೇ. ಹಾಗಾಗಿ ಚೌಕದಂತಿರುವ ‘ಕೌ’ (ಬಾಯಿ) ಅಕ್ಷರಕ್ಕೆ ನಾಲ್ಕು ಬದಿಗಳಿದ್ದರೂ ಗೆರೆಗಳು ಮೂರೇ: ಎಡಗಡೆಯ ಲಂಬಗೆರೆ, ಮೇಲೆ ಬಲಕ್ಕೆ ಹೋಗಿ ಹಾಗೆಯೇ ಕೆಳಗಿಳಿಯುವ ಗೆರೆ, ಕೊನೆಗೆ ತಳದ ಗೆರೆ.

ಗೆರೆಗಳು ಮತ್ತು ನಿಯಮಗಳು

ಚೀನಾದ ಶಾಲೆಗಳೂ ನಿಘಂಟುಗಳೂ ಗೆರೆಗಳನ್ನು ಐದು ಬಗೆಯಾಗಿ ವಿಂಗಡಿಸುತ್ತವೆ: ಅಡ್ಡಗೆರೆ (ಹೆಂಗ್), ಲಂಬಗೆರೆ (ಷು), ಎಡಕ್ಕೆ ಇಳಿಯುವ ಓರೆಗೆರೆ (ಪಿಯೆ), ಚುಕ್ಕೆ (ದಿಯೆನ್), ತಿರುವುಗೆರೆ (ಝೆ). ಬಲಕ್ಕೆ ಇಳಿಯುವ ಓರೆಗೆರೆಯನ್ನು ಚುಕ್ಕೆಯ ವರ್ಗದಲ್ಲೇ ಸೇರಿಸುತ್ತಾರೆ. ಸಾಮಾನ್ಯ ನಿಯಮಗಳು ಕೆಲವೇ. ಮೇಲಿನಿಂದ ಕೆಳಕ್ಕೆ, ಎಡದಿಂದ ಬಲಕ್ಕೆ ಬರೆಯಬೇಕು. ಅಡ್ಡಗೆರೆಯೂ ಲಂಬಗೆರೆಯೂ ಒಂದನ್ನೊಂದು ದಾಟುವಲ್ಲಿ ಅಡ್ಡಗೆರೆ ಮೊದಲು. ‘ಷಿ’ (ಹತ್ತು) ಇದಕ್ಕೆ ಉದಾಹರಣೆ. ‘ರೆನ್’ (ಮನುಷ್ಯ) ಅಕ್ಷರದಲ್ಲಿ ಎಡದ ಓರೆ ಮೊದಲು, ಬಲದ ಓರೆ ಆಮೇಲೆ. ‘ಗುವೊ’ದಂಥ (ದೇಶ) ಸುತ್ತುಗಟ್ಟಿನ ಅಕ್ಷರದಲ್ಲಿ ಆವರಣದ ಮೂರು ಬದಿಗಳಾದ ಮೇಲೆ ಒಳಗಿನದನ್ನು ಬರೆದು, ಕಡೆಯಲ್ಲಿ ತಳವನ್ನು ಮುಚ್ಚುತ್ತಾರೆ. ‘ಷಿಯಾವ್’ (ಚಿಕ್ಕದು) ಅಕ್ಷರದಲ್ಲಿ ನಡುವಿನ ಗೆರೆಯಾದ ನಂತರವೇ ಇಕ್ಕೆಲದ ಚುಕ್ಕೆಗಳು. ಈ ನಿಯಮಗಳು ಬಹುಪಾಲು ಬಲಗೈಯ ಸಹಜ ಚಲನೆಯನ್ನೇ ಅನುಸರಿಸುತ್ತವೆ.

ಇತಿಹಾಸ

ಷಾಂಗ್ ರಾಜವಂಶದ ಕಾಲದ ಮೂಳೆಬರಹಗಳಲ್ಲಿ ಇಂದಿನ ಕ್ರಮ ಕಾಣುವುದಿಲ್ಲ. ಲಂಬಗೆರೆಗಳನ್ನಷ್ಟೇ ಕೊರೆದು ಅಡ್ಡಗೆರೆಗಳನ್ನು ಕೊರೆಯದೆ ಬಿಟ್ಟ ಮೂಳೆಗಳು ಸಿಕ್ಕಿವೆ. ಕೆಲವು ಕೆತ್ತನೆಗಾರರಾದರೂ ಒಂದು ದಿಕ್ಕಿನ ಗೆರೆಗಳನ್ನೆಲ್ಲ ಮುಗಿಸಿ ಇನ್ನೊಂದು ದಿಕ್ಕಿಗೆ ತಿರುಗುತ್ತಿದ್ದರೆಂದು ಇದರಿಂದ ಊಹಿಸಬಹುದು. ಹಾನ್ ಕಾಲದ ಕಚೇರಿ ಲಿಪಿಯಲ್ಲಿ ಹಳೆಯ ಬಳುಕು ರೇಖೆಗಳು ಮುರಿದು ಬಿಡಿ ಗೆರೆಗಳಾದವು. ಅದರ ಬೆನ್ನಿಗೆ ರೂಪುಗೊಂಡ ಕಾಯ್‌ಷು ಎಂಬ ನೆಟ್ಟನೆಯ ಬರಹದಲ್ಲಿ ಕ್ರಮವು ನೆಲೆಗೊಂಡಿತು. ಕುಂಚದ ಎಂಟು ಮೂಲ ಎಳೆತಗಳನ್ನು ‘ಯೋಂಗ್’ (ಶಾಶ್ವತ) ಎಂಬ ಒಂದೇ ಅಕ್ಷರದಲ್ಲಿ ಅಭ್ಯಾಸ ಮಾಡಿಸುವ ಪದ್ಧತಿಯನ್ನು ಪರಂಪರೆಯು ನಾಲ್ಕನೆಯ ಶತಮಾನದ ಲಿಪಿಕಾರ ವಾಂಗ್ ಷಿಝಿಯ ಹೆಸರಿನೊಂದಿಗೆ ಜೋಡಿಸುತ್ತದೆ. ಕ್ರಿ.ಶ. 353ರಲ್ಲಿ ಅವನು ಬರೆದ ಲಾಂತಿಂಗ್ ಮುನ್ನುಡಿ ಈ ಅಕ್ಷರದಿಂದಲೇ ಶುರುವಾಗುತ್ತದೆ. ಇಂದಿನ ಎಣಿಕೆಯಲ್ಲಿ ಅದಕ್ಕೆ ಐದೇ ಗೆರೆಗಳು.

ಕ್ರಮದ ನಿಜವಾದ ಮಹತ್ವ ಗೊತ್ತಾಗುವುದು ಕೂಡುಬರಹದಲ್ಲಿ. ಅಲ್ಲಿ ಕುಂಚ ಪೂರ್ತಿ ಮೇಲೇಳುವುದಿಲ್ಲ. ಒಂದು ಗೆರೆಯ ಬಾಲ ಮುಂದಿನ ಗೆರೆಯ ತಲೆಗೆ ಹೋಗಿ ಕೂಡುತ್ತದೆ. ಓದುಗ ಅಕ್ಷರವನ್ನು ಗುರುತಿಸುವುದು ಈ ಕೊಂಡಿಗಳಿಂದ. ಕ್ರಮ ತಪ್ಪಿದರೆ ಕೊಂಡಿಗಳು ಬೇರೆ ಕಡೆ ಬೀಳುತ್ತವೆ, ಅಕ್ಷರ ಬೇರೊಂದಾಗಿ ಕಾಣಬಹುದು. ಬಿಡಿಬರಹದ ಕ್ರಮವೂ ಕೂಡುಬರಹದ ಕ್ರಮವೂ ಎಲ್ಲ ಕಡೆ ಒಂದೇ ಅಲ್ಲ ಎಂಬುದನ್ನೂ ಗಮನಿಸಬೇಕು. ಮೂರು ಅಡ್ಡಗೆರೆ, ಒಂದು ಲಂಬಗೆರೆ ಇರುವ ‘ವಾಂಗ್’ (ರಾಜ) ಅಕ್ಷರವನ್ನು ಚೀನಾದ ಶಾಲೆಗಳಲ್ಲಿ ಎರಡು ಅಡ್ಡಗೆರೆ, ಲಂಬ, ಮತ್ತೆ ಅಡ್ಡ ಎಂದು ಕಲಿಸುತ್ತಾರೆ. ಕೂಡುಬರಹದಲ್ಲಿ ಮೊದಲ ಅಡ್ಡಗೆರೆಯಾದ ಕೂಡಲೇ ಲಂಬಗೆರೆ ಬರುವುದು ರೂಢಿ, ಕೊನೆಯ ಎರಡು ಅಡ್ಡಗೆರೆಗಳನ್ನು ಒಂದೇ ಎಳೆತದಲ್ಲಿ ಮುಗಿಸಲು ಅನುಕೂಲವೆಂದು. ಜಪಾನಿನ ಶಾಲೆಗಳು ಈ ಎರಡನೆಯ ಕ್ರಮವನ್ನೇ ಉಳಿಸಿಕೊಂಡಿವೆ.

ಪ್ರಮಾಣೀಕರಣ

ಪ್ರತಿಯೊಂದು ಅಕ್ಷರಕ್ಕೂ ಒಂದೇ ಕ್ರಮ ಎಂಬ ಸರ್ಕಾರಿ ನಿಗದಿ ಇಪ್ಪತ್ತನೆಯ ಶತಮಾನದ್ದು. ಜಪಾನಿನ ಶಿಕ್ಷಣ ಸಚಿವಾಲಯ 1958ರಲ್ಲಿ 881 ಶಾಲಾ ಅಕ್ಷರಗಳಿಗೆ ಕೈಪಿಡಿ ಹೊರಡಿಸಿತು. ತಾನು ಸೇರಿಸದ ಕ್ರಮಗಳು ತಪ್ಪೆಂದು ಅರ್ಥವಲ್ಲ ಎಂದು ಆ ಕೈಪಿಡಿಯೇ ಹೇಳಿತ್ತು. ಕಲಿಸುವವರು ಈ ಮಾತನ್ನು ನೆನಪಿಡಬೇಕು. ‘ಎಡ’, ‘ಬಲ’ ಎಂಬ ಅಕ್ಷರಗಳೆರಡೂ ಅಡ್ಡಗೆರೆ ಮತ್ತು ಓರೆಗೆರೆಗಳಿಂದ ಆರಂಭವಾಗುತ್ತವೆ. ಚೀನಾದಲ್ಲಿ ಎರಡಕ್ಕೂ ಅಡ್ಡಗೆರೆಯೇ ಮೊದಲು. ಜಪಾನಿನಲ್ಲಿ ‘ಎಡ’ಕ್ಕೆ ಅಡ್ಡಗೆರೆ, ‘ಬಲ’ಕ್ಕೆ ಓರೆಗೆರೆ ಮೊದಲು, ಗಿಡ್ಡ ಗೆರೆಯಾದ ಮೇಲೆ ಉದ್ದದ್ದು ಎಂಬುದು ಅಲ್ಲಿನ ವಿವರಣೆ.

ಚೀನಾದಲ್ಲಿ 1988ರ ಪಟ್ಟಿಯು 7,000 ಬಳಕೆಯ ಅಕ್ಷರಗಳನ್ನು ಗೆರೆಗಳ ಲೆಕ್ಕದಲ್ಲಿ ಜೋಡಿಸಿತ್ತು. ಅದರಲ್ಲಿ ಅಡಗಿದ್ದ ಕ್ರಮವನ್ನು 1997ರ ಪ್ರಮಾಣಗ್ರಂಥ ಗೆರೆಗೆರೆಯಾಗಿ ಬಿಡಿಸಿ ತೋರಿಸಿತು. 2013ರ ಹೊಸ ಪಟ್ಟಿಯ 8,105 ಅಕ್ಷರಗಳಿಗೆ ಅನ್ವಯಿಸುವ ಪ್ರಮಾಣ 2021ರ ಮಾರ್ಚ್ 1ರಿಂದ ಜಾರಿಯಲ್ಲಿದೆ. ತೈವಾನಿನ ಶಿಕ್ಷಣ ಸಚಿವಾಲಯ 1996ರಲ್ಲಿ ತನ್ನದೇ ಕೈಪಿಡಿ ತಂದಿತು.

ಕಲಿಕೆ

ಕೆಂಪು ಬಣ್ಣದಲ್ಲಿ ಅಚ್ಚಾದ ಅಕ್ಷರದ ಮೇಲೆ ಕರಿಮಸಿಯಲ್ಲಿ ತಿದ್ದುವುದು ಹಳೆಯ ಅಭ್ಯಾಸ. ಲು ಷುನ್‌ನ ಪ್ರಸಿದ್ಧ ಕತೆಯ ನಾಯಕ ಕುಂಗ್ ಯಿಜಿಯ ಅಡ್ಡಹೆಸರು ಇಂಥ ತಿದ್ದುವ ಪುಸ್ತಕದಿಂದಲೇ ಬಂದದ್ದು. ಈಗ ಮಕ್ಕಳು ಅಡ್ಡ, ಲಂಬ ಗೀಟುಗಳಿಂದ ನಾಲ್ಕು ಭಾಗವಾದ ಚೌಕಗಳಲ್ಲಿ ಬರೆಯುತ್ತಾರೆ. ತರಗತಿಯಲ್ಲಿ ಎಲ್ಲರೂ ಗೆರೆಗಳ ಹೆಸರು ಹೇಳುತ್ತ ಗಾಳಿಯಲ್ಲಿ ಬೆರಳಾಡಿಸುವುದೂ ಉಂಟು. ಮೊಬೈಲಿನಲ್ಲಿ ಐದು ಬಗೆಯ ಗೆರೆಗಳನ್ನು ಕ್ರಮವಾಗಿ ಒತ್ತಿ ಅಕ್ಷರ ಮೂಡಿಸುವ ವಿಧಾನಕ್ಕೂ ಈ ಜ್ಞಾನವೇ ಆಧಾರ. ಹೊರಗಿನಿಂದ ಬಂದು ಕಲಿಯುವವರು ಚೀನಾ, ತೈವಾನ್, ಜಪಾನ್‌ಗಳ ಕ್ರಮಗಳನ್ನು ಬೆರೆಸದೆ, ತಾವು ಕಲಿಯುತ್ತಿರುವ ಭಾಷೆಯ ದೇಶದ ಪ್ರಮಾಣಗ್ರಂಥವೊಂದನ್ನೇ ಆರಂಭದಿಂದ ಅನುಸರಿಸುವುದು ಒಳ್ಳೆಯದು.