ಗಂಡನ ಗಡಿಗೆ, ಹೆಂಡತಿಯ ಕೌದಿ

ಹಿಂದೊಮ್ಮೆ ಅಮೆರಿಕದ ಗಂಡ-ಹೆಂಡತಿಯೊಬ್ಬರ ಬಗ್ಗೆ ಓದಿದ್ದೆ. ಗಂಡ ಮನೆಯಲ್ಲೇ ಬಿಯರ್ ಮಾಡ್ತಾನೆ, ಹೆಂಡತಿ ಕ್ವಿಲ್ಟ್ ಹೊಲೀತಾಳೆ. ಇಬ್ಬರಿಗೂ ಅದು ಬಿಡುವಿನ ಹವ್ಯಾಸ. ಕ್ವಿಲ್ಟ್ ಅಂದ್ರೆ ಬೇರೇನಲ್ಲ, ನಮ್ಮ ಕೌದಿಯ ದೂರದ ಅಕ್ಕ! ಓದಿದ ಕೂಡಲೇ ನೆನಪಾಗಿದ್ದು ಜಮಖಂಡಿ ತಾಲ್ಲೂಕಿನ ಸಾವಳಗಿ. ನಮ್ಮ ಕಡೆಯೂ ಈ ಎರಡೂ ಕೆಲಸ ಇದ್ದವು, ಆದರೆ ಅವನ್ನು ಹವ್ಯಾಸ ಅಂತ ಯಾರೂ ಕರೆದಿರಲಿಲ್ಲ.

ಅಮೆರಿಕದಲ್ಲೂ ಮನೆ ಬಿಯರ್‌ಗೆ ಒಪ್ಪಿಗೆ ಸಿಕ್ಕಿದ್ದು ತಡವಾಗಿಯೇ. ಅಧ್ಯಕ್ಷ ಕಾರ್ಟರ್ 1978ರಲ್ಲಿ ಸಹಿ ಹಾಕಿದ ಕಾಯ್ದೆಯ ಪ್ರಕಾರ, ಮನೆಯಲ್ಲಿ ಒಬ್ಬರೇ ವಯಸ್ಕರಿದ್ದರೆ ವರ್ಷಕ್ಕೆ 100 ಗ್ಯಾಲನ್, ಇಬ್ಬರಿದ್ದರೆ 200 ಗ್ಯಾಲನ್ ತೆರಿಗೆ ಇಲ್ಲದೆ ಮಾಡಿಕೊಳ್ಳಬಹುದು. ಅಂದ್ರೆ ಮದುವೆಯಾದವರಿಗೆ ಡಬಲ್!

ನಮ್ಮ ಕಡೆಯ ಕತೆ ಬೇರೆ. ಈ ನೆಲ ಕಲ್ಯಾಣದ ಚಾಲುಕ್ಯರ ಆಳ್ವಿಕೆಯಲ್ಲಿದ್ದಾಗ, ಸುಮಾರು 1130ರ ಹೊತ್ತಿಗೆ, ಮೂರನೆಯ ಸೋಮೇಶ್ವರ 'ಮಾನಸೋಲ್ಲಾಸ' ಬರೆಸಿದ. ಅದರಲ್ಲಿ ದ್ರಾಕ್ಷಿ, ಕಬ್ಬು, ತಾಳೆ, ತೆಂಗು, ಖರ್ಜೂರದಿಂದ ಮಾಡುವ ಪಾನೀಯಗಳ ಮಾತು ಬರುತ್ತೆ. ರಾಜನಿಗೆ ಅದು ವಿನೋದ. ಅದೇ ಶತಮಾನದ ಶರಣರಲ್ಲಿ ಹೆಂಡ ಮಾರುತ್ತಿದ್ದ ಹೆಂಡದ ಮಾರಯ್ಯನೂ ಇದ್ದ, ಸೂಜಿಕಾಯಕದ ರಾಮಿತಂದೆಯೂ ಇದ್ದ. ಗಡಿಗೆ, ಸೂಜಿ ಎರಡಕ್ಕೂ ಅಲ್ಲಿ ಜಾಗ ಸಿಕ್ಕಿತ್ತು.

ಮುಂದೆ ಗಡಿಗೆಗೆ ಬೆನ್ನುಹತ್ತಿದ್ದು ಕಾಯ್ದೆ. 1878ರ ಮುಂಬಯಿ ಅಬಕಾರಿ ಕಾಯ್ದೆ ಸುತ್ತಲಿನ ಬ್ರಿಟಿಷ್ ಮುಲುಕಿನಲ್ಲಿ ಹೆಂಡವನ್ನು ಸರಕಾರದ ಆದಾಯದ ಬಾಬ್ತು ಮಾಡಿತು. ಪಟವರ್ಧನರ ಜಮಖಂಡಿ ಸಂಸ್ಥಾನ 1948ರಲ್ಲಿ ಮುಂಬಯಿ ಪ್ರಾಂತಕ್ಕೆ ಸೇರಿತು. 1949ರಲ್ಲಿ ಅಲ್ಲಿ ಪಾನನಿರೋಧ ಕಾಯ್ದೆಯಾಗಿ, 1950ರ ಹೊತ್ತಿಗೆ ಪೂರ್ತಿ ಪಾನನಿಷೇಧ. 1956ರಲ್ಲಿ ನಾವು ಮೈಸೂರು ರಾಜ್ಯಕ್ಕೆ ಬಂದೆವು. ಇಲ್ಲಿ ಪಾನನಿರೋಧ ಸಡಿಲವಾಗಿದ್ದು 1967ರಲ್ಲಿ. ಆಮೇಲೂ ಪರವಾನಗಿ ಇಲ್ಲದೆ ಮನೆಯಲ್ಲಿ ಸೆರೆ ಮಾಡಿದರೆ ಅಪರಾಧವೇ. 2007ರಲ್ಲಿ ಸಾರಾಯಿ ನಿಷೇಧವಾಯ್ತು. ಮಜಾ ಅಂದ್ರೆ, ರಾಜ್ಯದ ದ್ರಾಕ್ಷಿ ವೈನ್ ನೀತಿ ಬಂದಿದ್ದೂ ಅದೇ ವರ್ಷ!

ಇನ್ನು ಕೌದಿ? ಅದಕ್ಕೆ ಕಾಯ್ದೆ ಇಲ್ಲ, ಲೈಸೆನ್ಸ್ ಇಲ್ಲ, ಕೇಸೂ ಇಲ್ಲ. ಹಾಗಾಗಿ ಕಾಗದವೂ ಇಲ್ಲ. ಸರಕಾರ ಹಿಡಿದದ್ದು ಮಾತ್ರ ಸರಕಾರಿ ಕಡತ ಸೇರೋದು ತಾನೇ.

ನಮ್ಮಜ್ಜಿ ಕೌದಿ ಹೊಲೆಯೋದನ್ನ ಕೂತು ನೋಡಿದ್ದೀನಿ. ಹಳೇ ಸೀರೆ ನೆಲಕ್ಕೆ ಹಾಸಿ, ಮೂಲೆಗೆ ಕಲ್ಲಿಟ್ಟು, ಮೇಲೆ ತುಂಡು ಬಟ್ಟೆ ಜೋಡಿಸಿ, ಅಂಚಿನಿಂದ ನಡುವಿಗೆ ಸಾಲು ಸಾಲು ಹೊಲಿಗೆ. ಇಳಕಲ್ ಸೀರೆಯ ಸೆರಗು, ಗುಳೇದಗುಡ್ಡದ ಖಣ, ಬನಹಟ್ಟಿ ಸೀರೆಯ ದಡಿ, ಅಜ್ಜನ ಧೋತರ... ಒಂದು ಕೌದಿ ಬಿಚ್ಚಿ ಹಾಸಿದರೆ ಬಾಗಲಕೋಟೆ ಜಿಲ್ಲೆಯ ಮಗ್ಗಗಳ ನಕಾಶೆ! ಕೊನೆಯ ಹೊಲಿಗೆಗೆ ಮುಂಚೆ ಅಜ್ಜಿ ಒಳಗೊಂದು ರೊಟ್ಟಿ ಚೂರು ಇಡೋಳು. ಕೌದಿ ಹಸಿದಿರಬಾರದಂತೆ.

ನಮ್ಮ ಓಣಿಯಲ್ಲಿ ಇನ್ನೊಬ್ಬಾಕೆ ಇದ್ದಳು. ಗಂಡನ ಕೂಲಿಯೆಲ್ಲ ಸೆರೆಗೆ ಹೋಗ್ತಿತ್ತು. ಆಕೆ ಮನೆಮನೆಗೆ ಹೋಗಿ ಕೌದಿ ಹೊಲಿದು ಕೊಡೋಳು, ಜೋಳವೋ ರೊಕ್ಕವೋ ಕೊಟ್ಟಷ್ಟು ತಗೊಳ್ಳೋಳು. ಮಕ್ಕಳನ್ನ ಬೆಳೆಸಿದ್ದು ಆ ಸೂಜಿ. ಅಮೆರಿಕದ ಆ ಜೋಡಿಯ ಬಗ್ಗೆ ಓದುವಾಗ ನನಗೆ ಖುಷಿಯ ಜೊತೆ ಸಂಕಟವೂ ಆಗಿದ್ದು ಇದಕ್ಕೇ. ಅವರ ಮನೆಯಲ್ಲಿ ಇಬ್ಬರ ಕೆಲಸವೂ ಇಬ್ಬರಿಗೂ ಸುಖ ಕೊಡುತ್ತೆ. ಆಕೆಯ ಮನೆಯಲ್ಲಿ ಒಬ್ಬ ಕುಡಿದದ್ದನ್ನ ಇನ್ನೊಬ್ಬಳು ಹೊಲಿದು ತುಂಬಬೇಕಿತ್ತು. ಅವನ ಚಟದ ಬಗ್ಗೆ ನೂರು ವರ್ಷದ ಕಾಯ್ದೆ ಪುಸ್ತಕಗಳಿವೆ. ಆಕೆಯ ದುಡಿಮೆಯ ಬಗ್ಗೆ ಒಂದು ಸಾಲೂ ಇಲ್ಲ.

ಇವತ್ತು ಕೌದಿ ಪೇಟೆಯ ಕರಕುಶಲ ಮೇಳಗಳಿಗೂ ಬಂದಿದೆ. ಸಾವಳಗಿ ಸುತ್ತ ದ್ರಾಕ್ಷಿ ತೋಟಗಳಿವೆ. ಮುಂದೊಂದು ದಿನ ಅಲ್ಲೂ ಒಂದು ಜೋಡಿ ಇವೆರಡನ್ನೂ ಬರೀ ಖುಷಿಗೆ ಮಾಡಿದರೆ ಬೇಡ ಅನ್ನೋದಕ್ಕೆ ನಾನ್ಯಾರು?

ಅಲ್ಲಿಯವರೆಗೆ ಒಂದು ಕೆಲಸ ಮಾಡೋಣ. ನಿಮ್ಮನೆಯ ಟ್ರಂಕಿನಲ್ಲಿ ಹಳೇ ಕೌದಿ ಇದ್ದರೆ ತೆಗೆದು ಹಾಸಿ, ಯಾವ ತುಂಡು ಯಾರದು ಅಂತ ಅವ್ವನನ್ನೋ ಅಜ್ಜಿಯನ್ನೋ ಕೇಳಿ ಬರೆದಿಡಿ. ನಾನು ತಡ ಮಾಡಿಬಿಟ್ಟೆ. ನಮ್ಮಜ್ಜಿಯ ಕೌದಿಯಲ್ಲಿರೋ ಹಸಿರು ಖಣ ಯಾರದಂತ ಹೇಳೋರು ಈಗ ಯಾರೂ ಉಳಿದಿಲ್ಲ.